ಪಾನೀಯವೂ ಪಾತ್ರೆಯೂ



ಕಳೆದ ಬೇಸಗೆಯಲ್ಲಿ ನಮ್ಮ ಸಹಪಾಠಿಯೊಬ್ಬರು, ಪ್ರಸಾದನಿಲಯದಲ್ಲಿ ನಮ್ಮೊಡನೆಯೇ ಉಂಡು ಓದಿದವರು, ಬಹುಕಾಲದ ಮೇಲೆ ನಮ್ಮನ್ನು ಕಾಣಲು ಬಂದಿದ್ದರು. ಬಿಸಿಲಿನಿಂದ ಬಂದವರಿಗೆ ನೀರು ಕೊಡಿಸಿದೆವು. ಅರ್ಧ ಲೋಟ ಕುಡಿದು ಕೆಳಗಿಟ್ಟು ಅವರು, "ಬುದ್ಧಿ, ಅಡುಗೆಮನೆಯ ಮೂಲೆಯಲ್ಲಿ ಮರಳಿನ ಮೇಲೆ ಕೂಡಿಸಿದ್ದ ಗುಡಾಣದ ನೀರಿನ ರುಚಿ ಇದರಲ್ಲಿಲ್ಲವಲ್ಲ. ಅಂದೂ ಕಾವೇರಿಯ ನೀರೇ, ಇಂದೂ ಕಾವೇರಿಯ ನೀರೇ ಅಲ್ಲವೆ?" ಎಂದು ಕೇಳಿದರು. ಬಾಲ್ಯದ ನೆನಪು ಎಲ್ಲವನ್ನೂ ಸಿಹಿಯಾಗಿಸುತ್ತದೆಂದು ಹೇಳಿ ಆ ಮಾತನ್ನು ನಾವು ತೇಲಿಸಿಬಿಡಬಹುದಾಗಿತ್ತು. ಆದರೆ ಪ್ರಶ್ನೆ ಅಷ್ಟು ಹಗುರವಾದುದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆ ಕಬ್ಬಿನ ಹಾಲಿನ, ಎಳನೀರಿನ, ಮಜ್ಜಿಗೆ ಪಾನಕಗಳ ಸೀಮೆ. ಇಲ್ಲಿಯ ಜನ ಯಾವ ಪಾನೀಯವನ್ನು ಯಾವ ಪಾತ್ರೆಯಲ್ಲಿಟ್ಟರು, ಏಕೆ ಇಟ್ಟರು, ಆ ಪಾತ್ರೆ ಬದಲಾದಾಗ ಏನಾಯಿತು ಎಂಬುದನ್ನು ಹಿಂದಿರುಗಿ ನೋಡಿದರೆ ಅಲ್ಲಿ ರುಚಿಯ ಮಾತಷ್ಟೇ ಅಲ್ಲ, ಪ್ರಾಣದ ಮಾತೂ ಅಡಗಿರುವುದು ಕಾಣುತ್ತದೆ.

ಮೊದಲು ಅರವಟ್ಟಿಗೆಯಿಂದ ತೊಡಗೋಣ. ಹಳಗನ್ನಡದಲ್ಲಿ 'ಅಱ' ಎಂದರೆ ಧರ್ಮ. ದಾರಿಹೋಕರಿಗೆ ಧರ್ಮಾರ್ಥವಾಗಿ ನೀರೆರೆಯುವ ಚಪ್ಪರಕ್ಕೆ ನಮ್ಮ ಶಾಸನಗಳು ಅರವಟ್ಟಿಗೆ, ಅರವಂಟಿಗೆ ಎಂದು ಹೆಸರಿಡುತ್ತವೆ. ಅದನ್ನು ನಡೆಸಲೆಂದು ಭೂಮಿಯನ್ನು ದತ್ತಿ ಬಿಟ್ಟ ಸಂಗತಿ ಕನ್ನಡನಾಡಿನ ಹಲವು ಶಾಸನಗಳಲ್ಲಿ ಬರುತ್ತದೆ. ಆ ಚಪ್ಪರದ ಪಾತ್ರೆ ಮಣ್ಣಿನದು. ನೀರು ಹೊತ್ತು ತಂದವರ ಬಿಂದಿಗೆ ತಾಮ್ರದ್ದೋ ಹಿತ್ತಾಳೆಯದೋ ಇದ್ದರೂ ಅದು ಬಂದು ಸೇರುತ್ತಿದ್ದುದು ಮಣ್ಣಿನ ಗುಡಾಣಕ್ಕೆ. ಪಯಣ ಹೊರಟವರು ಒಯ್ಯುತ್ತಿದ್ದುದೂ ಮಣ್ಣಿನ ತತ್ರಾಣಿಯನ್ನೇ. ಹೊಲಕ್ಕೆ ಹೋಗುವ ರೈತನ ಮಜ್ಜಿಗೆಗೆ ಮಾತ್ರ ಸೋರೆಬುರುಡೆ. ಬಿದ್ದರೂ ಒಡೆಯದು, ಹುಳಿಗೂ ಕೆಡದು.

ಮಣ್ಣಿನ ಗುಣವನ್ನು ಇಂದಿನ ವಿಜ್ಞಾನ ಸರಳವಾಗಿ ವಿವರಿಸುತ್ತದೆ. ಮೆರುಗಿಲ್ಲದೆ ಸುಟ್ಟ ಮಡಕೆಯ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಒಳಗಿನ ನೀರು ಅವುಗಳ ಮೂಲಕ ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಬೇಸಗೆಯಲ್ಲಿ ಒಂದು ಗ್ರಾಂ ನೀರು ಹೀಗೆ ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖದ ಬಹುಭಾಗವನ್ನು ಮಡಕೆ ತನ್ನೊಳಗಿನ ನೀರಿನಿಂದಲೇ ಎಳೆದುಕೊಳ್ಳುವುದರಿಂದ ನೀರು ತಣ್ಣಗಾಗುತ್ತದೆ. ಶೀತಕಪೆಟ್ಟಿಗೆಯ ನೀರಿನಂತೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುವುದಿಲ್ಲ. ನಾಲಗೆ ರುಚಿಯನ್ನು ಗುರುತಿಸಬಲ್ಲಷ್ಟೇ ತಣ್ಣಗಾಗುತ್ತದೆ. ಇನ್ನು ಮೊದಲ ಮಳೆಯನ್ನು ನೆನಪಿಗೆ ತರುವ ಆ ಮಣ್ಣಿನ ಕಂಪು. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಈ ಕಂಪಿಗೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ನಮ್ಮ ದೇಶದ ಕನೌಜಿನಲ್ಲಿ ಮಣ್ಣನ್ನು ಬಟ್ಟಿಯಿಳಿಸಿ ಅದೇ ಕಂಪಿನ ಅತ್ತರನ್ನು ಬಹುಕಾಲದಿಂದ ತೆಗೆಯುತ್ತಲೇ ಬಂದಿದ್ದಾರೆ. ನಮ್ಮ ಸಹಪಾಠಿ ನೆನೆದದ್ದು ಆ ತಂಪನ್ನೂ ಈ ಕಂಪನ್ನೂ. ನೀರು ಕಾವೇರಿಯದೇ, ಗುಡಾಣ ಮಾತ್ರ ಇಲ್ಲ.

ಈ ತಿಳಿವಳಿಕೆ ನಮ್ಮ ಸೀಮೆಯಷ್ಟರದೇ ಅಲ್ಲ, ಬಹು ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನದ 46ನೆಯ ಅಧ್ಯಾಯಕ್ಕೆ ಅನ್ನಪಾನವಿಧಿ ಎಂದು ಹೆಸರು. ಯಾವ ಪದಾರ್ಥವನ್ನು ಯಾವ ಪಾತ್ರೆಯಲ್ಲಿ ಬಡಿಸಬೇಕೆಂದು ಅಲ್ಲಿ ಒಂದು ಪಟ್ಟಿಯೇ ಇದೆ. ತುಪ್ಪಕ್ಕೆ ಕಬ್ಬಿಣ, ಪೇಯಕ್ಕೆ ಎಂದರೆ ತೆಳುಗಂಜಿಗೆ ಬೆಳ್ಳಿ, ನೀರಿಗೂ ಪಾನಕಕ್ಕೂ ಮಣ್ಣು. ಕಟ್ವರ, ಖಡ ಎಂಬ ಮಜ್ಜಿಗೆಯ ಹಾಗೂ ಹುಳಿಯ ಪದಾರ್ಥಗಳಿಗೆ ಕಲ್ಲು. ಕಾಯಿಸಿ ಆರಿಸಿದ ಹಾಲಿಗೆ ತಾಮ್ರ. ಸಂಸ್ಕೃತ ಪಾಠಶಾಲೆಯಲ್ಲಿ ಇದನ್ನು ಓದಿದಾಗ ನಮಗೆ ಇದು ರಾಜರ ಮನೆಯ ಬೆಡಗಿನಂತೆ ಕಂಡಿತ್ತು. ಮುಂದೆ ವಿಶ್ವವಿದ್ಯಾಲಯದ ಕಾಲದಲ್ಲಿ ರಸಾಯನಶಾಸ್ತ್ರದ ಗೆಳೆಯರೊಬ್ಬರೊಡನೆ ಕುಳಿತು ಮತ್ತೆ ನೋಡಿದಾಗ ಒಂದು ಸಂಗತಿ ಹೊಳೆಯಿತು: ಹುಳಿಯಾದ ಯಾವುದನ್ನೂ ಅಲ್ಲಿ ತಾಮ್ರಕ್ಕೆ ಹಾಕಿಲ್ಲ. ನಿಂಬೆ ಹಿಂಡಿದ ಪಾನಕ ಮಣ್ಣಿಗೆ ಹೋಗಿದೆ, ಮಜ್ಜಿಗೆ ಕಲ್ಲಿಗೆ ಹೋಗಿದೆ. ಹಾಲಿಗೆ ತಾಮ್ರವೆಂಬ ಮಾತನ್ನು ಸದ್ಯಕ್ಕೆ ಬದಿಗಿಡೋಣ. ಅದರ ವಿಚಾರ ಮುಂದೆ ಬರುತ್ತದೆ.

ಕಲ್ಲೆಂದರೆ ನಮ್ಮವರಿಗೆ ಬಳಪದ ಕಲ್ಲು. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ಎದ್ದ ಮಲ್ಲಿಕಾರ್ಜುನ ದೇವಾಲಯದ ಕುಸುರಿ ಕೆಲಸ ಈ ಮೃದುವಾದ ಕಲ್ಲಿನದೇ. ಶಿಲ್ಪಿಯ ಉಳಿಗೆ ಒಲಿದ ಕಲ್ಲು ಅಡುಗೆಮನೆಗೂ ಒಲಿಯಿತು. ಮಜ್ಜಿಗೆಗೆ, ಉಪ್ಪಿನಕಾಯಿಗೆ, ಹುಳಿಗೆ ಕಲ್ಲಿನ ಮರಿಗೆಗಳನ್ನು ಅಜ್ಜಿಯರು ಜೋಪಾನವಾಗಿಡುತ್ತಿದ್ದುದನ್ನು ಕಂಡವರು ನಮ್ಮ ಓದುಗರಲ್ಲಿ ಇನ್ನೂ ಇದ್ದಾರೆ. ಹುಳಿ ಈ ಕಲ್ಲನ್ನು ಕರಗಿಸದು. ಕಲ್ಲು ಹುಳಿಗೆ ತನ್ನದೇನನ್ನೂ ಸೇರಿಸದು.

ಕಬ್ಬಿಣದ ಮಾತು ಬೇರೆ. ಈ ಸೀಮೆಗೆ ಕಬ್ಬಿಣ ಹೊಸದೇನಲ್ಲ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ಧಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗುವುದು ಮಳವಳ್ಳಿ ತಾಲ್ಲೂಕಿನ ಹಲಗೂರಿನ ಪಾಂಚಾಳರ ಬಳಿಗೆ. ಭಿಕ್ಷೆ ಬೇಡಲು ಕಬ್ಬಿಣವೇ ತಕ್ಕ ವಸ್ತುವೆಂದು ಜನಪದ ಕವಿಗೆ ತೋರಬೇಕಾದರೆ ಆ ಊರಿನ ಕುಲುಮೆಗಳ ಹೆಸರು ಎಷ್ಟಿದ್ದಿರಬೇಕು! ಆದರೂ ಕುಡಿಯುವ ನೀರಿಗೆ ನಮ್ಮವರು ಕಬ್ಬಿಣವನ್ನು ಬಳಸಿದ್ದು ಅಪರೂಪ. ತುಕ್ಕಿನ ರುಚಿ ಯಾರಿಗೂ ಹಿಡಿಸದು. ಮೇಲಾಗಿ ಒಗರುಳ್ಳ ಯಾವ ರಸಕ್ಕೂ ಕಬ್ಬಿಣ ತಗುಲಿದರೆ ಅದು ಕಪ್ಪಾಗುತ್ತದೆ. ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದು ಇದೇ ಗುಣದಿಂದ.

ಕಬ್ಬಿನ ಹಾಲಿಗೂ ಇದೇ ಪಾಡು. ಕೃಷ್ಣರಾಜಸಾಗರದ ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ನೆಲೆಯೂರಿದ ಮೇಲೆ ಈ ಜಿಲ್ಲೆ ಕಬ್ಬಿನ ಜಿಲ್ಲೆಯೇ ಆಯಿತು. ಆಲೆಮನೆಗಳು ಅದಕ್ಕೂ ಹಿಂದಿನವು. ಹಿಂದೆ ಕಲ್ಲಿನ ಗಾಣವಿತ್ತು, ಮರದ ಗಾಣವಿತ್ತು. 1870ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬಲ್ಲಿ ರೂಪುಗೊಂಡ ಕಬ್ಬಿಣದ ಉರುಳೆಗಳ ಗಾಣ ದೇಶದ ಕಬ್ಬಿನ ಸೀಮೆಗಳಿಗೆ ಹಬ್ಬಿತು. ರಸ ಹೆಚ್ಚು ಇಳಿಯಿತು, ಎತ್ತಿನ ಶ್ರಮ ಕಡಿಮೆಯಾಯಿತು. ಆದರೆ ಕಬ್ಬಿನ ಹಾಲು ಗಾಳಿಗೆ ತಾನಾಗಿಯೇ ಕಂದುಬಣ್ಣಕ್ಕೆ ತಿರುಗುವ ವಸ್ತು; ಅದರೊಳಗಿನ ಒಗರಿನ ಅಂಶಕ್ಕೆ ಕಬ್ಬಿಣವೂ ಕೂಡಿದರೆ ಬಣ್ಣ ಇನ್ನೂ ಕಪ್ಪಾಗುತ್ತದೆ, ರುಚಿಗೊಂದು ಲೋಹದ ಎಳೆ ಸೇರುತ್ತದೆ. ಗಾಣದ ಬಾಯಲ್ಲೇ ನಿಂಬೆಹಣ್ಣು, ಶುಂಠಿ ಸೇರಿಸಿ ಹಿಂಡುವ ಪದ್ಧತಿ ಬರಿಯ ರುಚಿಗಾಗಿ ಬಂದದ್ದಲ್ಲವೆಂದು ನಮ್ಮ ಅನಿಸಿಕೆ. ನಿಂಬೆಯ ಹುಳಿ ಆ ಬಣ್ಣಗೇಡನ್ನು ತಡೆಯುತ್ತದೆ. ಆಲೆಮನೆಗೆ ಹೋದವರಿಗೆ ಕರಟದಲ್ಲಿ ಕಬ್ಬಿನ ಹಾಲು ಕೊಟ್ಟರೆ ಅದಕ್ಕೆ ಬೇರೆಯೇ ಸೊಗಸು, ಕುಡಿದವರೇ ಬಲ್ಲರು.

ಈಗ ತಾಮ್ರ, ಹಿತ್ತಾಳೆಗಳಿಗೆ ಬರೋಣ. ಈ ಪ್ರಬಂಧದ ಭಾರವೆಲ್ಲ ಇಲ್ಲಿಯೇ ಇದೆ.

ತಾಮ್ರದ ಬಿಂದಿಗೆಯಲ್ಲಿ ರಾತ್ರಿ ಇಟ್ಟ ನೀರು ಆರೋಗ್ಯಕರವೆಂಬ ನಂಬಿಕೆ ಸುಳ್ಳಲ್ಲ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ರೋಗಾಣುಗಳನ್ನು ಬೆರೆಸಿದ ನೀರನ್ನು 16 ಗಂಟೆಗಳ ಕಾಲ ತಾಮ್ರದ ಕೊಡದಲ್ಲಿಟ್ಟಾಗ ಕಾಲರಾ, ಆಮಶಂಕೆ ಮುಂತಾದ ಬೇನೆಗಳ ಅಣುಜೀವಿಗಳು ನಾಶವಾದುದು ಕಂಡುಬಂದಿತು. ನೀರಿಗಿಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ಲೀಟರಿಗೆ 2 ಮಿಲಿಗ್ರಾಂ ಮಿತಿಗಿಂತ ಬಹಳ ಕಡಿಮೆಯಿತ್ತು. ಆದರೆ ಇದು ನೀರಿನ ಮಾತು. ಹುಳಿಯ ಮಾತು ಇದಕ್ಕೆ ತದ್ವಿರುದ್ಧ. ಕಿಲುಬು ಹಿಡಿದ ಪಾತ್ರೆಯನ್ನು ಹುಣಸೆಹಣ್ಣಿನಿಂದ ಉಜ್ಜಿದರೆ ಫಳಫಳ ಹೊಳೆಯುವುದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಹಾಗೆ ಹೊಳೆಯುವುದು ಹುಳಿ ತಾಮ್ರದ ಮೇಲ್ಪದರವನ್ನು ಕರಗಿಸಿಕೊಂಡು ಹೋಗುವುದರಿಂದ. ಪಾತ್ರೆ ಬೆಳಗುವ ಹುಳಿಯೇ ಪಾತ್ರೆಯೊಳಗೆ ರಾತ್ರಿಯೆಲ್ಲ ಕುಳಿತರೆ ಕರಗಿದ ತಾಮ್ರ ನಮ್ಮ ಹೊಟ್ಟೆಗೆ ಬರುತ್ತದೆ.

ಆದ್ದರಿಂದಲೇ ಕಲಾಯಿ. ಊರೂರು ತಿರುಗುತ್ತಿದ್ದ ಕಲಾಯಿ ಸಾಬರು ಅರಳಿಮರದ ಕೆಳಗೆ ಕುಳಿ ತೋಡಿ, ತಿದಿಯೊತ್ತಿ, ಪಾತ್ರೆಯನ್ನು ಇದ್ದಲಿನ ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿಯೆರಚಿ, ತವರದ ಕಡ್ಡಿಯನ್ನು ಮುಟ್ಟಿಸಿ ಅರಿವೆಯಿಂದ ಒಂದೇ ಸುತ್ತು ಒರೆಸುತ್ತಿದ್ದರು. ತವರ 232 ಡಿಗ್ರಿ ಶಾಖಕ್ಕೇ ಕರಗುವ ಲೋಹ. ಬಿಳಿಯ ಹೊಗೆಯೆದ್ದು ಮೂಗು ಕಟ್ಟುತ್ತಿದ್ದಂತೆ ಹಳದಿ ಪಾತ್ರೆಯ ಒಳಮೈ ಬೆಳ್ಳಿಯಾಗುತ್ತಿತ್ತು. ಹುಡುಗರಾದ ನಮಗೆ ಅದೊಂದು ಇಂದ್ರಜಾಲ. ಆ ಬೆಳ್ಳಗಿನ ತೆಳುಪದರ ತಾಮ್ರಕ್ಕೂ ಹುಳಿಗೂ ನಡುವಣ ಗೋಡೆ. ಬೂದಿ ಮಣ್ಣು ಹಾಕಿ ಉಜ್ಜಿ ಉಜ್ಜಿ ಕೆಲವು ತಿಂಗಳಲ್ಲೇ ಅದು ಸವೆಯುತ್ತದೆ, ಮತ್ತೆ ಹಾಕಿಸಬೇಕು.

ಹಾಕಿಸದಿದ್ದರೆ ಏನಾಗುತ್ತದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಲವತ್ತು ವರ್ಷಗಳಿಗೂ ಹಿಂದಿನ ಮಾತು. ಮಳವಳ್ಳಿ ಸೀಮೆಯ ಒಂದು ಊರಿನ ಜಾತ್ರೆ. ಗುರುಗಳೊಡನೆ ನಾವು ಕೆಲವು ಮಂದಿ ವಟುಗಳು ಹೋಗಿದ್ದೆವು. ದಾಸೋಹಕ್ಕೆಂದು ಹಿಂದಿನ ರಾತ್ರಿಯೇ ಮಜ್ಜಿಗೆ ಕಡೆದು, ದೊಡ್ಡ ಹಿತ್ತಾಳೆಯ ಕೊಳಗಗಳಲ್ಲಿ ತುಂಬಿಟ್ಟಿದ್ದರು. ಕೊಳಗಗಳು ಅಟ್ಟದಿಂದ ಇಳಿದವು. ಹೊರಮೈಯನ್ನು ಬೆಳಗಿದವರು ಒಳಮೈಯ ಕಲಾಯಿಯನ್ನು ನೋಡಿರಲಿಲ್ಲ. ಬೆಳಗ್ಗೆ ಬಡಿಸಲು ತೊಡಗಿದಾಗ ಊರಿನ ಮುದುಕಿಯೊಬ್ಬಳು ಒಂದು ಗುಟುಕು ಬಾಯಿಗೆ ಹಾಕಿದವಳೇ ಉಗುಳಿ, ಗುರುಗಳ ಮುಂದೆ ಬಂದು, "ಬುದ್ಧೀ, ಕಿಲುಬು ಬಂದೈತೆ, ಮಕ್ಳುಗೆ ಕೊಡಬ್ಯಾಡಿ" ಎಂದಳು. ಅಷ್ಟರಲ್ಲಿ ಉಪ್ಪು, ಶುಂಠಿ, ಕೊತ್ತಂಬರಿಗಳ ಘಾಟಿನಲ್ಲಿ ರುಚಿ ಮರೆತು ಹಲವರು ಕುಡಿದಾಗಿತ್ತು. ನಾವೂ ಕುಡಿದಿದ್ದೆವು. ಅರ್ಧಗಂಟೆಯೊಳಗೆ ಹೊಟ್ಟೆ ತೊಳಸಿ ಸಾಲಾಗಿ ವಾಂತಿ. ಪ್ರಾಣಕ್ಕೇನೂ ಆಗಲಿಲ್ಲ, ಸಂಜೆಯ ಹೊತ್ತಿಗೆ ಎಲ್ಲರೂ ಚೇತರಿಸಿಕೊಂಡರು. ಆದರೆ ಆ ಮಧ್ಯಾಹ್ನ ಊರಿನಲ್ಲಿ ಹಬ್ಬಿದ ಮಾತೇ ಬೇರೆ: ಯಾರೋ ಮಾಟ ಮಾಡಿಸಿದರೆಂದು, ಯಾರೋ ಆಗದವರು ವಿಷ ಬೆರೆಸಿದರೆಂದು. ಹಾಲು ಕೊಟ್ಟ ಮನೆಯೊಂದರ ಬಾಗಿಲಿಗೆ ಜನ ನುಗ್ಗುವ ಹಂತಕ್ಕೂ ಹೋಯಿತು. ಗುರುಗಳು ಖಾಲಿ ಕೊಳಗವನ್ನು ಹೊತ್ತು ತರಿಸಿ, ಅದರೊಳಗಿನ ಹಸಿರು ಕಲೆಯನ್ನು ಬೆರಳಿನಿಂದ ಒರೆಸಿ ನಾಲ್ಕು ಜನರಿಗೆ ತೋರಿಸಿದ ಮೇಲೆಯೇ ಸದ್ದಡಗಿದ್ದು. ಆ ಮುದುಕಿಯ ನಾಲಗೆಯನ್ನು ಮೊದಲೇ ನಂಬಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ನಾಲಗೆ ಇಲ್ಲಿ ಕಾವಲುಗಾರನಾಗಿತ್ತು. ತಾಮ್ರದ ಒಗರು ನಾಲಗೆಗೆ ಬೇಗ ತಿಳಿಯುತ್ತದೆ. 2012ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪ್ರಯೋಗದಲ್ಲಿ ಬೇರೆ ಬೇರೆ ಲೋಹಗಳ ಲೇಪವಿದ್ದ ಚಮಚಗಳಿಂದ ಕೆನೆಯನ್ನು ತಿನ್ನಿಸಿ ನೋಡಿದರು. ಕಹಿಯನ್ನೂ ಲೋಹದ ರುಚಿಯನ್ನೂ ಹೆಚ್ಚಾಗಿ ಕೊಟ್ಟವು ತಾಮ್ರ ಮತ್ತು ಸತುವಿನ ಚಮಚಗಳು. ತಾಮ್ರ, ಸತುಗಳೆರಡೂ ಬೆರೆತದ್ದೇ ಹಿತ್ತಾಳೆ ಎಂಬುದನ್ನು ಓದುಗರು ಗಮನಿಸಬೇಕು.

ಆದರೆ ಎಲ್ಲ ಕಡೆಯೂ ನಾಲಗೆಯನ್ನು ನಂಬಿ ಕೂರುವಂತಿಲ್ಲ. ಕಲಾಯಿಯ ತವರಕ್ಕೆ ಅಗ್ಗದ ಸೀಸ ಬೆರೆಸುವ ವಂಚನೆ ಹಿಂದಿನಿಂದಲೂ ಇತ್ತು. ಸೀಸ ಕಹಿಯಲ್ಲ, ಹುಳಿಯೊಡನೆ ಕೂಡಿದರೆ ಸಿಹಿ! ರೋಮನರು ದ್ರಾಕ್ಷಾರಸವನ್ನು ಸೀಸದ ಪಾತ್ರೆಗಳಲ್ಲಿ ಕುದಿಸಿ ಬತ್ತಿಸಿದ್ದು ಆ ಸಿಹಿಗಾಗಿಯೇ. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಸೇಬಿನ ಮದ್ಯ ಕುಡಿದವರಿಗೆ ಬರುತ್ತಿದ್ದ ಭಯಂಕರ ಹೊಟ್ಟೆಶೂಲೆಗೆ ರಸ ಹಿಂಡುವ ಗಾಣಗಳಲ್ಲಿದ್ದ ಸೀಸವೇ ಕಾರಣವೆಂದು ಜಾರ್ಜ್ ಬೇಕರ್ ಎಂಬ ವೈದ್ಯ 1767ರಲ್ಲಿ ತೋರಿಸಿಕೊಟ್ಟ. ಅಲ್ಲಿಯ ಜನ ಅದುವರೆಗೆ ತಮ್ಮ ಸೇಬನ್ನೇ ದೂರುತ್ತಿದ್ದರು.

ನಮ್ಮ ನಾಡಿನಲ್ಲಿ ಇದಕ್ಕಿಂತಲೂ ದಾರುಣವಾದ ಪ್ರಸಂಗವೊಂದು ನಡೆದಿದೆ. ಹಾಲಿಗೆ ತಾಮ್ರವೆಂಬ ಮಾತನ್ನು ಬದಿಗಿಟ್ಟಿದ್ದೆವಲ್ಲ, ಅದಕ್ಕೆ ಈಗ ಬರೋಣ. ಹಿಂದಿನ ತಲೆಮಾರಿನವರಿಗೆ "ಕೂಸಿಗೆ ಲಿವರ್ ಆಗಿದೆ" ಎಂಬ ಮಾತು ಸಿಡಿಲಿನಂತೆ ಕೇಳಿಸುತ್ತಿತ್ತು. ಒಂದೆರಡು ವರ್ಷದ ಮಗುವಿನ ಹೊಟ್ಟೆ ಉಬ್ಬಿ, ಯಕೃತ್ತು ಕಲ್ಲಾಗಿ, ತಿಂಗಳುಗಳಲ್ಲಿ ಮಗು ಕೈಬಿಡುತ್ತಿತ್ತು. ಮದರಾಸಿನ ಜಮ್ಮಿಯವರ ಲಿವರ್ ಕ್ಯೂರ್ ಎಂಬ ಔಷಧ ದಕ್ಷಿಣ ದೇಶದಲ್ಲೆಲ್ಲ ಮನೆಮಾತಾದದ್ದು ಈ ಭೀತಿಯಿಂದಲೇ. ಗ್ರಹಚಾರವೆಂದರು, ಕುಲಶಾಪವೆಂದರು. ಮೃತಶಿಶುಗಳ ಯಕೃತ್ತಿನಲ್ಲಿ ವಿಪರೀತ ತಾಮ್ರ ಇರುವುದು ಪರೀಕ್ಷೆಯಿಂದ ತಿಳಿದ ಮೇಲೆ, ಪುಣೆಯ ವೈದ್ಯರೂ ಇಂಗ್ಲೆಂಡಿನ ವೈದ್ಯರೂ ಕೂಡಿ 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಎಳೆಯ ಕೂಸಿಗೆ ಬೇಗನೆ ಮೇಲುಹಾಲು ಹಿಡಿಸಿದ ಮನೆಗಳಲ್ಲಿ, ಆ ಹಾಲನ್ನು ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಕಾಯಿಸಿ ಇಟ್ಟದ್ದೇ ಕಾರಣವಿರಬಹುದೆಂದು ಅವರು ಹೇಳಿದರು. ಆನುವಂಶಿಕ ಕಾರಣವೂ ಜೊತೆಗಿರಬಹುದೆಂದು ಕೆಲವರು ವಾದಿಸಿದ್ದುಂಟು. ಆದರೆ ಹಾಲಿನ ಪಾತ್ರೆ ಬದಲಾಗುತ್ತ ಬಂದಂತೆ ಆ ಬೇನೆ ಬಹುಮಟ್ಟಿಗೆ ಮರೆಯಾಯಿತು. ಇಂದಿನ ಮಕ್ಕಳ ವೈದ್ಯರಲ್ಲಿ ಹಲವರು ಅದನ್ನು ಪುಸ್ತಕದಲ್ಲಿ ಮಾತ್ರ ಬಲ್ಲರು.

ಹಾಲು ಮಜ್ಜಿಗೆಯಂತೆ ಏಕೆ ಎಚ್ಚರಿಸಲಿಲ್ಲ? ಹಾಲಿನೊಳಗಿನ ಕೇಸೀನ್ ಎಂಬ ಸಸಾರಜನಕ ತಾಮ್ರವನ್ನು ತನ್ನೊಡನೆ ಬಿಗಿದುಕೊಂಡುಬಿಡುತ್ತದೆ. ಹಸಿರು ತೇಲುವುದಿಲ್ಲ. ಕುಡಿದೊಡನೆ ಯಾರಿಗೂ ವಾಂತಿಯಾಗುವುದಿಲ್ಲ. ಇನ್ನು ಕೂಸು, ಅದು ಹೇಳಬಲ್ಲುದೆ? ತಾಯಿ ಪ್ರೀತಿಯಿಂದ ಬೆಳಗಿದ ಪಾತ್ರೆಯಿಂದಲೇ ಹಾಲೆರೆದಿದ್ದಳು.

ಸುಶ್ರುತನ ಮಾತು ಹಾಗಾದರೆ ಏನಾಯಿತು ಎಂದು ಪಂಡಿತರು ಕೇಳಬಹುದು. ಆ ವಚನ ಬಡಿಸುವ ಪಾತ್ರೆಯನ್ನು ಕುರಿತದ್ದು, ಕಾಯಿಸಿ ಇಡುವ ಪಾತ್ರೆಯನ್ನಲ್ಲ. ಉಣ್ಣುವ ವಯಸ್ಕನಿಗೆ ಹೇಳಿದ್ದು, ಹಸುಗೂಸಿಗಲ್ಲ ಎಂದು ಸಮರ್ಥಿಸಲು ಅವಕಾಶವುಂಟು. ಸಮರ್ಥನೆ ಸರಿಯೇ ಇರಬಹುದು. ಆದರೂ ಹಳೆಯ ಗ್ರಂಥದ ಮಾನ ಉಳಿಸಲು ಕೂಸಿನ ಹಾಲನ್ನು ಪಣಕ್ಕಿಡುವುದು ನಮಗೆ ಒಪ್ಪಿಗೆಯಿಲ್ಲ. ಈಚೆಗೆ ತಾಮ್ರದ ಪಾತ್ರೆಗಳು ಮತ್ತೆ ಮಾರುಕಟ್ಟೆಗೆ ಬಂದಿವೆ. ಕೊಳ್ಳುವ ಭಕ್ತರು ನೀರಿಗೆ ಬಳಸಲಿ, ಹಾಲಿಗೂ ಮಜ್ಜಿಗೆಗೂ ಪಾನಕಕ್ಕೂ ಬೇಡ.

ಹಿತ್ತಾಳೆಯನ್ನು ಹಿಂದಕ್ಕೆ ಸರಿಸಿದ್ದು ಅಲ್ಯುಮಿನಿಯಂ ಮತ್ತು ಸ್ಟೀಲು. ಮದರಾಸಿನ ಕಲಾಶಾಲೆಯಲ್ಲಿ 1898ರ ಸುಮಾರಿಗೆ ಅಲ್ಯುಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದ ಆಲ್ಫ್ರೆಡ್ ಚಾಟರ್ಟನ್ ಅವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದವರು. ಹಗುರ, ಅಗ್ಗ, ಕಲಾಯಿ ಬೇಡ. ಬಡವರಿಗೆ ಅದು ವರವಾಯಿತು. ಆದರೆ ಹುಳಿಗೆ ಅದೂ ಕರಗುತ್ತದೆ; ಅಲ್ಯುಮಿನಿಯಂ ಪಾತ್ರೆಯ ಸಾರು ಮಾರನೆಯ ದಿನ ರುಚಿಗೆಡುವುದು ಅನುಭವಸಿದ್ಧ. ಸ್ಟೀಲು ಹಾಗಲ್ಲ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಕಂಡ ತುಕ್ಕುಹಿಡಿಯದ ಉಕ್ಕಿನಲ್ಲಿ ಕ್ರೋಮಿಯಂ ಸೇರಿದೆ. ಅದು ಮೇಲ್ಮೈಯಲ್ಲಿ ತಾನಾಗಿಯೇ ತೆಳುಪೊರೆ ಕಟ್ಟಿಕೊಂಡು ಗೀರಿದರೂ ಮತ್ತೆ ಕೂಡಿಕೊಳ್ಳುತ್ತದೆ. ತಾನೇ ಹಾಕಿಕೊಳ್ಳುವ ಕಲಾಯಿ ಎನ್ನಬಹುದು. ಸ್ಟೀಲಿನ ಲೋಟದಲ್ಲಿ ರುಚಿಯಿಲ್ಲವೆಂದು ಕೊರಗುವವರು ಅದು ಕೆಡುಕನ್ನೂ ಬೆರೆಸುವುದಿಲ್ಲವೆಂಬುದನ್ನು ನೆನೆಯಬೇಕು.

ಇಷ್ಟೆಲ್ಲ ಮನುಷ್ಯ ಮಾಡಿದ ಪಾತ್ರೆಗಳ ಕಥೆ. ಮದ್ದೂರಿಗೆ ಬಂದರೆ ಪಾತ್ರೆಯೇ ಬೇಡದ ಪಾನೀಯ. ಎಳನೀರಿನ ಮಾರುಕಟ್ಟೆಗೆ ಮದ್ದೂರು ದೇಶದಲ್ಲೇ ಹೆಸರಾದುದು. ಇಲ್ಲಿಂದ ಲಾರಿಗಳು ದೂರದ ನಗರಗಳಿಗೆ ಹೋಗುತ್ತವೆ. ಬುರುಡೆಯೊಳಗೆ ಇರುವಷ್ಟು ಹೊತ್ತು ಆ ನೀರಿಗೆ ಗಾಳಿ ಸೋಕದು, ಅಣುಜೀವಿ ಸೋಕದು. ಗೊನೆಯನ್ನು ಮರದಿಂದ ಬೀಳಿಸದೆ ಹಗ್ಗ ಕಟ್ಟಿ ಇಳಿಸುವುದು ಈ ಪಾತ್ರೆಗೆ ಬಿರುಕು ಬರಬಾರದೆಂದೇ. ಕೊಚ್ಚಿ ಬಾಯಿ ತೆರೆದ ಕ್ಷಣದಿಂದ ಕಥೆ ಬೇರೆ: ಎಳನೀರಿನಲ್ಲಿರುವ ಕಿಣ್ವಗಳು ಗಾಳಿಯೊಡನೆ ಕೂಡಿ ಬಣ್ಣ ತಿರುಗಿಸುತ್ತವೆ, ರುಚಿ ಹಳಸುತ್ತದೆ. ಕಾಯಿಸಿ ಡಬ್ಬಿಗೆ ತುಂಬೋಣವೆಂದರೆ ಬೆಂಕಿ ತಗುಲಿದೊಡನೆ ಎಳನೀರು ಎಳನೀರಾಗಿ ಉಳಿಯದು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ತೆಂಗು ಅಭಿವೃದ್ಧಿ ಮಂಡಳಿಯೊಡನೆ ಸೇರಿ ಎಳನೀರನ್ನು ಚೀಲಗಳಲ್ಲಿ, ಡಬ್ಬಿಗಳಲ್ಲಿ ಕೆಡದಂತಿಡುವ ವಿಧಾನವನ್ನು ರೂಪಿಸಿತು. ಕಾಯಿಸದೆ ಸೂಕ್ಷ್ಮವಾಗಿ ಸೋಸುವ ವಿಧಾನವೊಂದನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2000ದ ಹೊತ್ತಿಗೆ ಹೊರತಂದಿತು. ದೂರದವರಿಗೆ ಅದರಿಂದ ಉಪಕಾರವಾಗಿದೆ. ಮದ್ದೂರಿನವರನ್ನು ಮಾತ್ರ ಡಬ್ಬಿಯ ಎಳನೀರು ಕುಡಿಯಿರೆಂದು ಒಪ್ಪಿಸಲಾಗದು. ಹಿಂದೆ ತೋಟದಲ್ಲಿ ಪಪ್ಪಾಯಿ ಎಲೆಯ ದಂಟನ್ನೇ ಕೊಳವೆ ಮಾಡಿ ಹೀರುತ್ತಿದ್ದರು. ನಡುವೆ ಪ್ಲಾಸ್ಟಿಕ್ ಕೊಳವೆ ಬಂದಿತು. ಅದನ್ನು ಸರಕಾರ 2022ರ ಜುಲೈಯಲ್ಲಿ ದೇಶದಾದ್ಯಂತ ನಿಷೇಧಿಸಿತು.

ಜಾತ್ರೆಗಳಲ್ಲಿ ಇಂದು ಕಾಣುವುದು ಕಾಗದದ ಲೋಟ. ಕಾಗದವೆಂದು ನಾವು ಕರೆಯುತ್ತೇವೆ; ಒಳಗೆ ಪ್ಲಾಸ್ಟಿಕ್ಕಿನ ತೆಳುಪದರವಿದೆ, ಇಲ್ಲದಿದ್ದರೆ ನೀರು ನಿಲ್ಲದು. ಖರಗಪುರದ ಐಐಟಿಯ ಸಂಶೋಧಕರು ಇಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿನೀರನ್ನು 15 ನಿಮಿಷ ಇಟ್ಟು ನೋಡಿದಾಗ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಅದರಲ್ಲಿ ಬೆರೆತಿದ್ದವು. ಕಾಫಿ ಕುಡಿದವನ ನಾಲಗೆಗೆ ಅದು ತಿಳಿಯುವುದೇ ಇಲ್ಲ. ಆ ಮುದುಕಿ ಇಂದು ಇದ್ದಿದ್ದರೂ ಉಗುಳುತ್ತಿರಲಿಲ್ಲ. ನಮ್ಮ ದಾಸೋಹದಲ್ಲಿ ಬಿಸಿ ಪಾನೀಯಕ್ಕೆ ಸ್ಟೀಲಿನ ಲೋಟವನ್ನೇ ಇಟ್ಟಿದ್ದೇವೆ. ತೊಳೆಯುವ ಕೈಗಳು ಸಾಲವೆಂಬುದೊಂದೇ ತೊಂದರೆ. ರಜೆಗೆ ಬರುವ ಹಳೆಯ ವಿದ್ಯಾರ್ಥಿಗಳು ಆ ಸೇವೆಗೆ ಕೂಡಿಕೊಂಡರೆ ಸಂತೋಷ.

ನಮ್ಮ ಸಹಪಾಠಿ ಹೊರಡುವಾಗ, ಪ್ರಸಾದನಿಲಯಕ್ಕೆ ಎರಡು ಗುಡಾಣಗಳನ್ನು ತಾನೇ ತಂದುಕೊಡುವೆನೆಂದರು. ಹತ್ತಿರದ ಕುಂಬಾರರ ಮನೆಗೆ ಆಳು ಕಳಿಸಿ ವಿಚಾರಿಸಿದೆವು. ಈಗ ಹೂಕುಂಡವನ್ನೂ ಕಾರ್ತಿಕದ ಹಣತೆಯನ್ನೂ ಬಿಟ್ಟು ಬೇರೇನೂ ಮಾಡುತ್ತಿಲ್ಲವಂತೆ. ಗುಡಾಣದ ಅಳತೆ ತಂದೆಯ ಕೈಗೆ ಗೊತ್ತು, ಅವರು ಎದ್ದು ಕೂರುವಂತಾದರೆ ನೋಡೋಣವೆಂದು ಮಗ ಹೇಳಿ ಕಳಿಸಿದ್ದಾನೆ. ಶಿವರಾತ್ರಿಯೊಳಗೆ ಬಂದರೆ, ಮೊದಲ ಎಂಟು ದಿನದ ನೀರನ್ನು ಗಿಡಗಳಿಗೆ ಚೆಲ್ಲಿ, ಒಂಬತ್ತನೆಯ ದಿನದಿಂದ ಹುಡುಗರಿಗೆ ಕೊಡಬೇಕೆಂದಿದ್ದೇವೆ.